ಎತ್ತದ ಬೆರಳು

ನನಗೆ ಎಂಬತ್ತೈದು ತುಂಬುವ ವಾರ ಮನೆಗೆ ಬಂದ ಅಂಚೆ ಎರಡು. ಒಂದು ಮಗಳು ರೋಸ್ಲಿನ್ ಕಳಿಸಿದ ಹೂವಿನ ಚಿತ್ರದ ಕಾರ್ಡು. ಇನ್ನೊಂದು ಸರ್ಕಾರದ್ದು. ಇನ್ನು ಮೇಲೆ ಗಾಡಿ ಓಡಿಸಬೇಕೆಂದರೆ ಪರೀಕ್ಷೆಗೆ ಬಾ, ಪಕ್ಕದಲ್ಲಿ ಕೂತವರಿಗೆ ಓಡಿಸಿ ತೋರಿಸು ಎಂದು ಅದರಲ್ಲಿತ್ತು. ಪರೀಕ್ಷೆ ಬೇಡವೆಂದರೆ ಇನ್ನೊಂದು ದಾರಿಯೂ ಇದೆಯಂತೆ. ಮನೆಯ ಸುತ್ತ ಹತ್ತು ಕಿಲೋಮೀಟರ್ ಒಳಗೆ ಮಾತ್ರ ಓಡಾಡುವ ಪರವಾನಗಿ. ಅಂಗಡಿ, ಔಷಧಿ, ಚರ್ಚು, ಸ್ಮಶಾನ ಎಲ್ಲವೂ ಆ ಹತ್ತರೊಳಗೇ ಬರುತ್ತವೆ. ಈ ವಯಸ್ಸಿಗೆ ಇನ್ನೇನು ಬೇಕು ಎಂದು ಅದನ್ನು ಬರೆದ ಪುಣ್ಯಾತ್ಮ ಅಂದುಕೊಂಡಿರಬೇಕು.

ನನ್ನ ಗಂಡ ಕ್ಲಾರಿ ಇರುವುದು ಎಪ್ಪತ್ತೆರಡು ಕಿಲೋಮೀಟರ್ ಆಚೆ, ಮೆರಿಗಾಲ್‌ನಲ್ಲಿ.

ನಾನು ಮರ್ಲ್ ಪಾಸ್ಕೋ. ಬೂಂಡೂರದ ಶಾಲೆಯ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದವಳು. ಗೋಧಿ ಹೊಲಗಳ ನಡುವಿನ ಮಣ್ಣು ರಸ್ತೆಯಲ್ಲಿ, ಕಾಂಗರೂಗಳು ಅಡ್ಡ ಹಾರುವ ಹೊತ್ತಿನಲ್ಲಿ, ಬೆನ್ನ ಹಿಂದೆ ಮೂವತ್ತು ಕೋತಿಗಳನ್ನು ಕೂರಿಸಿಕೊಂಡು. ಒಂದು ಮಗುವಿನ ಮೊಣಕಾಲೂ ತರಚಿಲ್ಲ. ಈಗ ಊರಿನಲ್ಲಿರುವ ಅರ್ಧ ಗಂಡಸರು ನನ್ನ ಬಸ್ಸಿನಲ್ಲಿ ವಾಂತಿ ಮಾಡಿದವರೇ. ಅವರ ತಲೆ ನರೆತರೂ ನನ್ನನ್ನು ಹೆಸರು ಹಿಡಿದು ಕರೆಯುವ ಧೈರ್ಯ ಇನ್ನೂ ಬಂದಿಲ್ಲ, ‘ಮಿಸೆಸ್ ಪಾಸ್ಕೋ’ ಎಂದೇ ಕರೆಯುತ್ತಾರೆ. ಅಂಥವಳಿಗೆ ಓಡಿಸಿ ತೋರಿಸು ಅಂದರೆ ಮೈ ಉರಿಯುವುದಿಲ್ಲವೇ? ಉರಿಯಿತು. ಆದರೆ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಾಯಿತು, ಸುಳ್ಳೇಕೆ ಹೇಳಲಿ.

ಕ್ಲಾರಿಗೆ ಮರೆವಿನ ಕಾಯಿಲೆ. ಎರಡು ಸಲ ಒಲೆ ಹಚ್ಚಿಟ್ಟು ಹೊರಟುಹೋದ. ಮೂರನೆಯ ಸಲ ಗೋಧಿ ಗೋದಾಮಿನ ಹಿಂದೆ ಸಿಕ್ಕಿದ, ಚಪ್ಪಲಿಯಿಲ್ಲದೆ. ಆಮೇಲೆ ಎಲ್ಲರೂ ಸೇರಿ ಅವನನ್ನು ಮೆರಿಗಾಲ್‌ನ ವೃದ್ಧರ ಮನೆಗೆ ಸೇರಿಸಿದೆವು. ಎಲ್ಲರೂ ಅಂದರೆ ನಾನೂ. ಎರಡು ವರ್ಷದಿಂದ ಪ್ರತಿ ಗುರುವಾರ ಖರ್ಜೂರದ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಡಬ್ಬಿಗೆ ತುಂಬಿ, ನಮ್ಮ ಹಳೆಯ ಹಸಿರು ಪಿಕಪ್ ಓಡಿಸಿಕೊಂಡು ಹೋಗುತ್ತೇನೆ.

ಅವನ ಕೋಣೆ ಮುಂಭಾಗದಲ್ಲಿದೆ. ಗಾಡಿಗಳು ಬಂದು ಸುತ್ತು ಹಾಕಿ ನಿಲ್ಲುವ ದಾರಿ ಅವನ ಕಿಟಕಿಗೆ ಎದುರಾಗಿದೆ. ಅವನು ಕುರ್ಚಿಯಲ್ಲಿ ಕೂತು ವಾಕರ್‌ನ ಹಿಡಿಕೆ ಹಿಡಿದಿರುತ್ತಾನೆ. ನಲವತ್ತು ವರ್ಷ ಗೋಧಿ ಲಾರಿ ಓಡಿಸಿದವನು, ಆ ಹಿಡಿಕೆಯನ್ನೂ ಸ್ಟೀರಿಂಗ್ ಹಿಡಿದ ಹಾಗೇ ಹಿಡಿಯುತ್ತಾನೆ. ನಾನು ಸುತ್ತು ಬಳಸಿ ಕಿಟಕಿಯ ಮುಂದೆ ಬಂದಾಗ ಸ್ಟೀರಿಂಗಿನ ಮೇಲಿಂದ ತೋರುಬೆರಳು ಎತ್ತುತ್ತೇನೆ. ಅವನ ಬೆರಳೂ ಏಳುತ್ತದೆ. ನಮ್ಮ ಕಡೆ ಎದುರು ಗಾಡಿಗೆ ಎಲ್ಲರೂ ಮಾಡುವ ನಮಸ್ಕಾರ ಅಷ್ಟೇ. ಮಾತು ಬಿಟ್ಟ ದಾಯಾದಿಗಳೂ ಬೆರಳು ಬಿಡುವುದಿಲ್ಲ. ಗಾಡಿ ನಿಲ್ಲಿಸಿ ಒಳಗೆ ಹೋದರೆ, “ಬಂದ್ಯಾ ಮರ್ಲ್? ರಸ್ತೆ ಹೇಗಿತ್ತು?” ಎನ್ನುತ್ತಾನೆ. ಆಮೇಲೆ ಅರ್ಧ ಗಂಟೆ, ಅದೃಷ್ಟವಿದ್ದ ದಿನ ಒಂದು ಗಂಟೆ, ನಾನು ಅವನ ಹೆಂಡತಿಯಾಗಿರುತ್ತೇನೆ.

ಈಸ್ಟರ್ ಹಬ್ಬದಲ್ಲಿ ಒಮ್ಮೆ ರೋಸ್ಲಿನ್ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗಿದ್ದಳು. ನಾನು ಪಕ್ಕದ ಸೀಟಿನಲ್ಲಿ ಕೈ ಕಟ್ಟಿ ಕೂತಿದ್ದೆ. ಕಿಟಕಿಯಲ್ಲಿ ಬೆರಳು ಏಳಲಿಲ್ಲ. ಒಳಗೆ ಹೋದಾಗ ಕ್ಲಾರಿ ನನ್ನ ಮುಖ ನೋಡಿ, “ಸಿಸ್ಟರ್, ಊಟ ಎಷ್ಟೊತ್ತಿಗೆ?” ಎಂದ. ಎರಡು ಗಂಟೆ ಕೂತರೂ ಅವನ ಪಾಲಿಗೆ ನಾನು ಸಿಸ್ಟರ್ರೇ. ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಬರುವಾಗ ರೋಸ್ಲಿನ್‌ಗೆ ಹೇಳಿದೆ. “ನಾನು ಓಡಿಸ್ಕೊಂಡು ಬಂದ್ರೆ ಮಾತ್ರ ಅವನಿಗೆ ನನ್ನ ಗುರುತು ಹತ್ತೋದು ಕಣೇ.”

“ಅಮ್ಮಾ, ಅಪ್ಪಂಗೆ ಒಂದೊಂದು ದಿನ ಒಂದೊಂದು ಥರ. ಅದಕ್ಕೂ ನೀನು ಓಡ್ಸೋದಕ್ಕೂ ಏನ್ ಸಂಬಂಧ?”

“ಇದೆ.”

“ಸರಿ, ಇದೆ,” ಎಂದಳು. ವಯಸ್ಸಾದವರೊಂದಿಗೆ ಜಗಳ ಬೇಡ ಎಂದು ಹೇಳುವ ಸರಿ ಅದು. ಅವಳಿಗೆ ಐವತ್ತೊಂಬತ್ತು, ಮೂರು ಗಂಟೆ ದೂರದ ಊರಿನಲ್ಲಿ ಶಾಲೆಯ ಉಪಮುಖ್ಯಸ್ಥೆ. ಕೆಟ್ಟವಳಲ್ಲ. ಎಲ್ಲರನ್ನೂ ತರಗತಿಯಲ್ಲಿ ಕೂತವರಂತೆ ಮಾತಾಡಿಸುತ್ತಾಳೆ, ಅಷ್ಟೇ.

ಸರ್ಕಾರದ ಕಾಗದ ಬಂದಾಗಲೂ ಅವಳ ಮಾತು ಅದೇ. “ಹತ್ತು ಕಿಲೋಮೀಟರಿಂದೇ ತಗೋ ಅಮ್ಮಾ. ಪರೀಕ್ಷೆ ಗಿರೀಕ್ಷೆ ತಲೆನೋವೇ ಬೇಡ. ತಿಂಗಳಿಗೊಂದ್ಸಲ ನಾನೇ ಬಂದು ಅಪ್ಪನ ಹತ್ರ ಕರ್ಕೊಂಡು ಹೋಗ್ತೀನಿ.”

“ತಿಂಗಳಿಗೊಂದ್ಸಲ ಹೋಗಿ ಸಿಸ್ಟರ್ ಆಗ್ಲಾ? ಪರೀಕ್ಷೆಗೇ ಹೋಗ್ತೀನಿ.”

ಮೊದಲು ಡಾಕ್ಟರ ಸಹಿ ಬೇಕಿತ್ತು. ರೋಸ್ಲಿನ್ ಬಂದು ಜೊತೆಗೆ ಕೂತಳು, ಕೂತಿದ್ದೇ ತಪ್ಪಾಯಿತು. ಡಾಕ್ಟರು ಊರಿಗೆ ಹೊಸಬರು. ನನ್ನ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತುತ್ತಾ ಅವಳನ್ನು ಕೇಳಿದರು:

“ಅಮ್ಮ ಸರಿಯಾಗಿ ನಿದ್ದೆ ಮಾಡ್ತಾರಾ?”

“ಮಾಡ್ತಾರೆ ಅನ್ಸುತ್ತೆ.”

“ಬಿದ್ದಿದ್ದು ಗಿದ್ದಿದ್ದು?”

“ಇಲ್ಲ ಅಂತಾರೆ.”

ನಾಯಿಯನ್ನು ಪಶುವೈದ್ಯರ ಹತ್ತಿರ ತಂದಾಗ ಹೀಗೆ ಮಾತಾಡುತ್ತಾರೆ. “ಡಾಕ್ಟ್ರೇ, ಆ ಅಮ್ಮ ಇಲ್ಲೇ ಕೂತಿದ್ದಾರೆ. ಅವರಿಗೂ ಒಂದು ಬಾಯಿದೆ, ಅವರನ್ನೇ ಕೇಳಿ,” ಎಂದೆ.

ಅವರು ನಕ್ಕು ನನ್ನ ಕೈ ತಟ್ಟಿದರು. “ಪರವಾಗಿಲ್ವೇ, ಒಳ್ಳೇ ಚುರುಕಾಗಿದ್ದೀರಿ!” ಎಂದರು, ರೋಸ್ಲಿನ್ ಕಡೆ ನೋಡಿ ಕಣ್ಣು ಮಿಟುಕಿಸಿದರು. ಸಹಿ ಹಾಕಿಕೊಟ್ಟರಲ್ಲ, ಹಾಳಾಗಿಹೋಗಲಿ ಎಂದು ಸುಮ್ಮನಾದೆ.

ಅದೇ ವಾರ ಮೆರಿಗಾಲ್‌ನಿಂದ ಫೋನು ಬಂತು. ಅಲ್ಲಿನ ಮೇಲ್ವಿಚಾರಕಿ ಡೆನಿಸ್. ವೃದ್ಧರ ಮನೆಯಲ್ಲಿ ಜ್ವರ ಹರಡಿದೆ, ಹೊರಗಿನವರು ಮೂರು ವಾರ ಬರುವಂತಿಲ್ಲ ಎಂದಳು.

“ಕ್ಲಾರಿ ಹೇಗಿದ್ದಾನೆ?”

“ಆರಾಮಾಗಿದ್ದಾರೆ ಡಾರ್ಲಿಂಗ್. ನೀವೇನೂ ಚಿಂತೆ ಮಾಡ್ಬೇಡಿ. ನೀವು ಬಿಸಿ ಬಿಸಿ ಟೀ ಕುಡ್ಕೊಂಡು ಮನೇಲೇ ಇರಿ.”

ಡೆನಿಸ್‌ಗೆ ಎಪ್ಪತ್ತು ದಾಟಿದವರೆಲ್ಲ ಡಾರ್ಲಿಂಗ್. ಹೆಸರು ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ. ಅವಳನ್ನು ಕಂಡರೆ ನನಗೆ ಸಿಟ್ಟಿಗಿಂತ ಭಯ ಜಾಸ್ತಿ, ಅದಕ್ಕೆ ಕಾರಣವಿದೆ. ನನ್ನ ಹಾಗೇ ಗುರುವಾರ ಬರುತ್ತಿದ್ದ ಲೆಸ್ ಎಂಬ ಮುದುಕ ಒಮ್ಮೆ ಹೊರಗೆ ಹೋಗುವ ದಾರಿಯಿಂದ ಉಲ್ಟಾ ಒಳಗೆ ನುಗ್ಗಿದ. ಯಾರಿಗೂ ಏನೂ ಆಗಲಿಲ್ಲ. ಡೆನಿಸ್ ಅವನ ಮಗನಿಗೂ ಫೋನು ಮಾಡಿದಳು, ಸರ್ಕಾರಿ ಕಚೇರಿಗೂ ಮಾಡಿದಳು. ಆಮೇಲೆ ಲೆಸ್ ಬಂದಿಲ್ಲ. ಅವನ ಹೆಂಡತಿ ಈಗಲೂ ಗುರುವಾರ ತಲೆ ಬಾಚಿಸಿಕೊಂಡು ಬಾಗಿಲ ಬಳಿ ಕೂತಿರುತ್ತಾಳೆ.

ಮೂರು ವಾರ! ಮೂರು ವಾರದಲ್ಲಿ ಕ್ಲಾರಿ ನನ್ನನ್ನು ಪೂರ್ತಿ ಮರೆತರೆ? ಅವನ ತಲೆಯಲ್ಲಿ ಉಳಿದಿರುವುದೇ ಒಂದು ಎಳೆ. ಅದನ್ನು ವಾರವಾರವೂ ಹೋಗಿ ಎಳೆದು ಗಟ್ಟಿಮಾಡಿ ಬರುತ್ತಿದ್ದೆ. ಪರೀಕ್ಷೆ ಮೂರನೆಯ ವಾರದ ಮಂಗಳವಾರಕ್ಕೆ, ಬಾಗಿಲು ತೆರೆಯುವುದು ಗುರುವಾರಕ್ಕೆ. ಮಂಗಳವಾರ ಎಡವಿದರೆ ಗುರುವಾರ ಇಲ್ಲ. ಊಟ ಸೇರದಾಯಿತು. ಟೀ ಕಾಸಿಟ್ಟು ಅದು ತಣ್ಣಗಾಗಿದ್ದನ್ನು ಸಂಜೆ ನೋಡುತ್ತಿದ್ದೆ. ನೋಡಿದೊಡನೆ, ಅಯ್ಯೋ ದೇವರೇ, ಇದು ಮರೆವೋ ಚಿಂತೆಯೋ ಎಂದು ಇನ್ನೊಂದು ಚಿಂತೆ ಹಿಡಿಯುತ್ತಿತ್ತು.

ರೋಸ್ಲಿನ್ ಶನಿವಾರ ಬಂದಳು. ಪರೀಕ್ಷೆ ಬೇಡವೆಂದವಳು, ಪರೀಕ್ಷೆ ಎಂದ ಮೇಲೆ ಸುಮ್ಮನಿರುವವಳಲ್ಲ. ಪಕ್ಕದಲ್ಲಿ ಕೂತು ನನ್ನನ್ನು ಊರ ಹೊರಗೆ ಓಡಿಸಲು ಹಚ್ಚಿದಳು. ಎದುರಿಗೆ ಅಂಚೆಯ ಜೂನ್ ವ್ಯಾನಿನಲ್ಲಿ ಬಂದಳು.

“ಅಮ್ಮಾ, ಕೈ!”

“ಕೈಗೇನಾಯ್ತು?”

“ಬೆರಳೆತ್ತಿದೆ.”

“ಎದುರಿಗೆ ಜೂನ್ ಬಂದ್ಲು. ಬೆರಳೆತ್ತದೆ ಇನ್ನೇನು ನಾಲಿಗೆ ಚಾಚ್ಲಾ?”

“ಪರೀಕ್ಷೆ ಮಾಡೋರು ಬರ್ಕೋತಾರೆ, ಹಿಡಿತ ಸಡಿಲ ಅಂತ. ನಿನ್ನ ವಯಸ್ಸಿಗೆ ಒಂದು ಸಣ್ಣ ನೆಪ ಸಾಕು ಅಮ್ಮಾ. ಎರಡೂ ಕೈ, ಹತ್ತೂ ಬೆರಳು, ಸ್ಟೀರಿಂಗ್ ಮೇಲೆ.”

ಮನೆಗೆ ಬಂದು ಸ್ಟೀರಿಂಗಿನ ಎಡಕ್ಕೊಂದು ಬಲಕ್ಕೊಂದು ಕೆಂಪು ಟೇಪು ಸುತ್ತಿದಳು. ಬೆರಳುಗಳು ಅಲ್ಲೇ ಇರಬೇಕು. ನನ್ನ ತೋರುಬೆರಳಿಗೆ ಅಷ್ಟು ಹೇಳಿದರೆ ಸಾಕೇ? ಗೋದಾಮಿನ ಹಿಂದೆ ಯಾರೂ ಓಡಾಡದ ಒಂದು ಮಣ್ಣು ರಸ್ತೆ ಇದೆ. ಮರುದಿನ ಅಲ್ಲಿಗೆ ಕರೆದುಕೊಂಡು ಹೋಗಿ, ತನ್ನ ಕಾರು ತಂದು, ನನ್ನ ಎದುರಿಗೆ ತಾನೇ ಬಂದಳು. ಬರುವಾಗ ಬೇಕೆಂದೇ ಬೆರಳೆತ್ತಿದಳು. ನನ್ನದೂ ಎದ್ದಿತು. ಹಾರ್ನ್ ಬಾರಿಸಿ ಬೈದಳು, ಹಿಂದೆ ಹೋಗಿ ಮತ್ತೆ ಬಂದಳು. ಬೇಲಿಯ ಮೇಲೆ ಸಾಲಾಗಿ ಕೂತಿದ್ದ ಗುಲಾಬಿ ಗಿಳಿಗಳು ಇಬ್ಬರು ಹೆಂಗಸರ ಈ ಹುಚ್ಚಾಟ ನೋಡಿ ಕಿರುಚಿ ಹಾರಿಹೋದವು. ಮೂವತ್ತು ಸಲವಾದರೂ ಬಂದಿರಬೇಕು. ಕೊನೆಗೆ ಹೆಬ್ಬೆರಳಿನಿಂದ ತೋರುಬೆರಳನ್ನು ಅದುಮಿ ಹಿಡಿಯುವ ಉಪಾಯ ಕಂಡುಕೊಂಡೆ.

ವಾರದ ದಿನಗಳಲ್ಲಿ ನಾನೊಬ್ಬಳೇ ಆ ರಸ್ತೆಗೆ ಹೋದೆ. ಊರೊಳಗಿನ ಕೆಲಸಕ್ಕೆಲ್ಲ ನಡೆದೇ ಹೋಗುತ್ತಿದ್ದೆ. ಬೇಲಿಯ ಕಂಬವನ್ನೇ ಲಾರಿ ಎಂದುಕೊಳ್ಳುವುದು, ಬೆರಳು ಅದುಮುವುದು. ಮುಂದಿನ ಕಂಬ, ಮತ್ತೆ ಅದುಮುವುದು. ಮುಂದಿನ ಶನಿವಾರ ರೋಸ್ಲಿನ್ ಬಂದು ಹತ್ತು ಸಲ ಎದುರಾದಳು. ಒಮ್ಮೆಯೂ ಬೆರಳು ಮಿಸುಕಲಿಲ್ಲ.

“ಶಭಾಷ್!” ಎಂದು ಚಪ್ಪಾಳೆ ತಟ್ಟಿದಳು. ನನಗೂ ಹಿಗ್ಗಾಯಿತು, ಯಾಕೆ ಇಲ್ಲವೆನ್ನಲಿ.

ಮಂಗಳವಾರ ಹತ್ತು ಗಂಟೆಗೆ ಪರೀಕ್ಷೆ. ಪರೀಕ್ಷಕಿ ಮಿಸೆಸ್ ಫಾಮ್, ನಲವತ್ತರ ಆಸುಪಾಸು, ಸಣ್ಣ ಮೈಕಟ್ಟು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ. “ಮಿಸೆಸ್ ಪಾಸ್ಕೋ, ನಾನು ಹೇಳಿದ ಕಡೆ ತಿರುಗ್ಸಿ. ಏನೂ ಹೇಳ್ಲಿಲ್ಲ ಅಂದ್ರೆ ನೇರ ಹೋಗ್ತಾ ಇರಿ,” ಎಂದಳು. ಡಾರ್ಲಿಂಗ್ ಎನ್ನಲಿಲ್ಲ. ಅದಕ್ಕೇ ಹಿಡಿಸಿದಳು, ಅದಕ್ಕೇ ಹೆದರಿಕೆಯೂ ಹೆಚ್ಚಾಯಿತು. ನನ್ನ ಅಂಗೈ ಬೆವರಿ ಟೇಪು ಅಂಟಂಟಾಗಿತ್ತು.

ಶಾಲೆಯ ಮುಂದೆ ನಿಧಾನ ಮಾಡಿದೆ. ರೈಲು ಹಳಿಯ ಬಳಿ ನಿಂತು ಎರಡೂ ಕಡೆ ನೋಡಿದೆ, ಆ ಹಳಿಯ ಮೇಲೆ ರೈಲು ಬಂದು ಒಂಬತ್ತು ವರ್ಷವಾದರೂ. ಹಿಮ್ಮುಖವಾಗಿ ತೆಗೆದು ರಸ್ತೆಬದಿಯ ಕಟ್ಟೆಗೆ ತಾಗಿಸದೆ ನಿಲ್ಲಿಸಿದೆ. ಅವಳ ಪೆನ್ನು ಕಾಗದದ ಮೇಲೆ ಕಿರ್‌ ಎನ್ನುತ್ತಲೇ ಇತ್ತು. “ಎಡಕ್ಕೆ ತಗೊಳ್ಳಿ,” ಎಂದಳು. ಊರು ಬಿಟ್ಟು ಹೆದ್ದಾರಿ ಸೇರಿದೆವು.

ಮೊದಲು ಎದುರಾದದ್ದು ನೆವಿಲ್ ಟ್ರೆಲೋರ್. ಐವತ್ತೇಳು ವರ್ಷದ ರೈತ, ಒಂದು ಕಾಲಕ್ಕೆ ನನ್ನ ಬಸ್ಸಿನ ಕೊನೆಯ ಸೀಟಿನ ಪುಂಡ. ಅವನ ಬೆರಳು ಎದ್ದಿತು. ನಾನು ಅದುಮಿ ಹಿಡಿದೆ. ಅವನ ಹಿಂದೆಯೇ ಜೂನ್‌ಳ ಅಂಚೆ ವ್ಯಾನು. ಅವಳಿಗೂ ಇಲ್ಲ. ಆಮೇಲೊಂದು ನೀರಿನ ಟ್ಯಾಂಕರ್. ಅದಕ್ಕೂ ಇಲ್ಲ. ಹತ್ತೂ ಬೆರಳು ಸ್ಟೀರಿಂಗಿನ ಮೇಲೆ. ಗೆದ್ದೆ ಅಂದುಕೊಂಡೆ.

ಎರಡು ನಿಮಿಷವಾಗಿರಬೇಕು, ಕನ್ನಡಿಯಲ್ಲಿ ನೆವಿಲ್‌ನ ಗಾಡಿ ಕಾಣಿಸಿತು. ತಿರುಗಿಸಿಕೊಂಡು ಬಂದಿದ್ದಾನೆ. ದೀಪ ಮಿಣಮಿಣ ಮಾಡುತ್ತಿದ್ದಾನೆ, ಹಾರ್ನ್ ಹೊಡೆಯುತ್ತಿದ್ದಾನೆ, ಕಿಟಕಿಯಿಂದ ಒಂದು ಕೈ ಹೊರಗೆ ಹಾಕಿ ಬೀಸುತ್ತಿದ್ದಾನೆ.

“ಯಾರದು?” ಎಂದಳು ಮಿಸೆಸ್ ಫಾಮ್.

“ಗೊತ್ತಿರೋನೇ. ಏನಾಗಿದ್ಯೋ ಅವನಿಗೆ.” ಇದೂ ಪರೀಕ್ಷೆಯದೇ ಒಂದು ಭಾಗವೋ ಏನೋ ಎಂಬ ಅನುಮಾನ ಬಂತು. ಕನ್ನಡಿ ನೋಡಿದೆ, ಹೆಗಲ ಮೇಲಿಂದ ತಿರುಗಿ ನೋಡಿದೆ, ಸಿಗ್ನಲ್ ಹಾಕಿದೆ, ರಸ್ತೆ ಬಿಟ್ಟು ಜಲ್ಲಿಯ ಮೇಲೆ ನಿಧಾನವಾಗಿ ನಿಲ್ಲಿಸಿ ಕೈಬ್ರೇಕ್ ಎಳೆದೆ.

ನೆವಿಲ್ ಓಡಿಬಂದು ಕಿಟಕಿಯೊಳಗೆ ತಲೆ ತೂರಿಸಿದ. “ಮಿಸೆಸ್ ಪಾಸ್ಕೋ, ಹಲ್ಲು ತೋರ್ಸಿ!”

“ಏನೋ?”

“ನಗ್ರೀ ಸ್ವಲ್ಪ! ಎರಡೂ ಕೈ ಮೇಲೆತ್ತಿ! ಇವತ್ತು ಯಾವ ವಾರ?”

“ಮಂಗಳವಾರ ಕಣೋ, ನನ್ನ ಪರೀಕ್ಷೆಯ ವಾರ, ನೀನು ಅದನ್ನ ಗುಂಡಿಗೆ ಹಾಕ್ತಿದ್ದೀಯ! ಏನಾಗಿದೆ ನಿಂಗೆ?”

“ನಂಗಲ್ಲ, ನಿಮಗೆ! ನೀವು ಬೆರಳೆತ್ತಲಿಲ್ಲ!” ಅವನ ಮುಖ ಬಿಳಿಚಿಕೊಂಡಿತ್ತು. “ನಾನು ಹುಟ್ಟಿದಾಗಿಂದ ಒಂದ್ಸಲಾನೂ ನೀವು ಹಾಗೆ ಮಾಡಿಲ್ಲ. ನಮ್ಮಪ್ಪ ನಿಮ್ಮನ್ನ ಕೋರ್ಟಿಗೆಳೆದಾಗ್ಲೂ ಎತ್ತಿದ್ರಿ. ಲಕ್ವ ಹೊಡೀತು ಅಂದ್ಕೊಂಡೆ. ಜೂನ್‌ದೂ ಫೋನ್ ಬಂತು, ‘ಮಿಸೆಸ್ ಪಾಸ್ಕೋ ಕಲ್ಲಿನ ಹಾಗೆ ಕೂತಿದ್ದಾರೆ, ಪಕ್ಕದಲ್ಲಿ ಯಾರೋ ಇದ್ದಾರೆ’ ಅಂತ. ಆಂಬುಲೆನ್ಸ್‌ಗೂ ಹೇಳ್ಬಿಟ್ಟೆ.”

“ಆಂಬುಲೆನ್ಸ್!”

“ರೋಸ್ಲಿನ್‌ಗೂ.”

ನನ್ನ ಫೋನು ಆಗಲೇ ಕೈಚೀಲದಲ್ಲಿ ಬಡಿದುಕೊಳ್ಳುತ್ತಿತ್ತು. ಸ್ಟೀರಿಂಗಿನ ಮೇಲೆ ಹಣೆ ಇಟ್ಟೆ. ಮುಗಿಯಿತು ಕಥೆ. ಎರಡು ವಾರ ಬೆರಳು ಅದುಮಿ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ಕಿವುಚಿದ ಹಾಗಾಯಿತು. ಗುರುವಾರ ಕ್ಲಾರಿ ಕಿಟಕಿಯ ಬಳಿ ಕೂತಿರುತ್ತಾನೆ, ನಾನು ಹತ್ತು ಕಿಲೋಮೀಟರ್ ಒಳಗೆ ಗಿರಕಿ ಹೊಡೆಯುತ್ತಿರುತ್ತೇನೆ. ಕಣ್ಣಲ್ಲಿ ನೀರು ಬಂತು, ಅದನ್ನು ಮಿಸೆಸ್ ಫಾಮ್ ನೋಡಬಾರದೆಂದು ಮೂಗು ಒರೆಸಿಕೊಂಡೆ.

ಅವಳು ಏನೋ ಬರೆಯುತ್ತಿದ್ದಳು. ಬರೆದು ಮುಗಿಸಿ ನೆವಿಲ್‌ಗೆ, “ನೀವಿನ್ನು ಹೋಗ್ಬಹುದು. ಆಂಬುಲೆನ್ಸ್ ಬೇಡ ಅಂತ ಹೇಳ್ಬಿಡಿ,” ಎಂದಳು. ಆಮೇಲೆ ನನ್ನನ್ನು ಕೇಳಿದಳು. “ಯಾಕೆ ಬೆರಳೆತ್ತಲಿಲ್ಲ?”

“ಎತ್ತಿದ್ರೆ ನೀವು ಹಿಡಿತ ಸಡಿಲ ಅಂತ ಬರ್ಕೋತೀರಿ ಅಂದ್ರು.”

“ಯಾರಂದ್ರು?”

“ಮಗಳು.”

“ಕೈ ಸ್ಟೀರಿಂಗ್ ಮೇಲೇ ಇರುತ್ತಲ್ಲ, ಬೆರಳು ತಾನೇ ಏಳೋದು? ಅದಕ್ಕೆಲ್ಲ ನಾನು ಅಂಕ ಕಳೆಯಲ್ಲ.” ಅವಳ ತುಟಿಯ ಮೂಲೆಯಲ್ಲಿ ನಗು ಬಂದು ಹೋಯಿತು. “ಹಿಂದೆ ಗಾಡಿ ಅಷ್ಟು ಗಲಾಟೆ ಮಾಡಿದ್ರೂ ಗಾಬರಿಯಾಗದೆ ಸರಿಯಾಗಿ ನಿಲ್ಲಿಸಿದ್ರಿ. ಅದನ್ನ ಬರ್ದಿದ್ದೀನಿ. ವಾಪಸ್ ಊರಿಗೆ ನಡೀರಿ.”

ಗೆದ್ದಿದ್ದೆ. ಕಚೇರಿಯ ಮುಂದೆ ಇಳಿಯುವಾಗ ಅವಳು ಇನ್ನೊಂದು ಮಾತು ಹೇಳಿದಳು. “ಇದು ಎರಡು ವರ್ಷಕ್ಕೆ. ಆದ್ರೆ ನಡುವೆ ಡಾಕ್ಟರಾಗ್ಲಿ, ಮನೆಯವರಾಗ್ಲಿ, ಬೇರೆ ಯಾರಾದ್ರೂ ಆಗ್ಲಿ ದೂರು ಕೊಟ್ರೆ ಮತ್ತೆ ಕರೆಸ್ತಾರೆ. ಆಗ ಇಷ್ಟು ಸುಲಭ ಇರಲ್ಲ. ಜೋಪಾನ.” ಆ ಹೊತ್ತಿಗೆ ನನಗೆ ಅದು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಗುರುವಾರ ಎಂಟೂವರೆಗೆಲ್ಲ ಹೊರಟೆ. ಬ್ರೆಡ್ಡಿನ ಡಬ್ಬಿ ಪಕ್ಕದಲ್ಲಿ. ಬಿಸಿಲು ಚೆನ್ನಾಗಿತ್ತು, ಗೋಧಿ ಮೊಣಕಾಲೆತ್ತರ ಬಂದಿತ್ತು. ಹಾದಿಯುದ್ದಕ್ಕೂ ಒಂದೇ ಯೋಚನೆ. ಮೂರು ವಾರ ನನ್ನನ್ನು ನೋಡದವನು ಕಿಟಕಿಯ ಬಳಿ ಕೂತಿರುತ್ತಾನೋ ಇಲ್ಲವೋ? ಕೂತಿದ್ದರೂ ಈ ಹಸಿರು ಗಾಡಿ ಅವನಿಗೆ ಏನಾದರೂ ಹೇಳುತ್ತದೋ ಇಲ್ಲವೋ? ಮೂರು ನಾಲ್ಕು ಲಾರಿಗಳು ಎದುರಾದವು. ಅವಕ್ಕೆ ಬೆರಳೆತ್ತಿದೆನೋ ಇಲ್ಲವೋ ನೆನಪಿಲ್ಲ.

ವೃದ್ಧರ ಮನೆಯ ಗೇಟು ದಾಟಿ ಸುತ್ತಿಗೆ ತಿರುಗಿಸಿದೆ. ಕಿಟಕಿ ಕಂಡಿತು. ಕ್ಲಾರಿ ಇದ್ದ! ಸ್ವಲ್ಪ ಇಳಿದಿದ್ದ, ಕೊರಳಪಟ್ಟಿ ಸಡಿಲವಾಗಿತ್ತು, ಆದರೆ ಎರಡೂ ಕೈ ವಾಕರ್‌ನ ಮೇಲಿದ್ದವು. ಗಾಡಿ ಹತ್ತಿರ ಬಂದಂತೆ ಅವನ ತೋರುಬೆರಳು ಎದ್ದಿತು. ಎದ್ದಿತು ದೇವರೇ, ಮೂರು ವಾರ ಕಳೆದರೂ ಎದ್ದಿತು!

ನನ್ನದು ಏಳಲಿಲ್ಲ.

ಎದುರಿನ ಬೆರಳು ಕಂಡ ಕೂಡಲೇ ನನ್ನ ಹೆಬ್ಬೆರಳು ತಾನಾಗಿ ಬಂದು ತೋರುಬೆರಳನ್ನು ಅದುಮಿತು. ಕಂಬಗಳ ಮುಂದೆ ಕಲಿಸಿದ್ದೆನಲ್ಲ, ಚೆನ್ನಾಗಿ ಕಲಿತುಬಿಟ್ಟಿತ್ತು. ಕೆಂಪು ಟೇಪಿನ ಮೇಲೆ ಹತ್ತೂ ಬೆರಳು ಬಿಗಿಯಾಗಿ ಕೂತಿರುವಾಗಲೇ ಗಾಡಿ ಕಿಟಕಿಯನ್ನು ದಾಟಿಹೋಯಿತು. ಕನ್ನಡಿಯಲ್ಲಿ ನೋಡಿದೆ. ಕ್ಲಾರಿಯ ಬೆರಳು ಇನ್ನೂ ಮೇಲೇ ಇತ್ತು. ಆಮೇಲೆ ಮೆಲ್ಲಗೆ ಇಳಿಯಿತು, ಮುಖ ಗೋಡೆಯ ಕಡೆ ತಿರುಗಿತು.

“ಥೂ ಮುದುಕಿ!” ಎಂದು ನನ್ನನ್ನೇ ಬೈದುಕೊಂಡೆ. ನಿಲ್ಲಿಸುವ ಜಾಗ ಬಂದರೂ ನಿಲ್ಲಿಸಲಿಲ್ಲ, ಇನ್ನೊಂದು ಸುತ್ತು ಹಾಕಿದೆ. ಈ ಸಲ ದೂರದಿಂದಲೇ ಬೆರಳೆತ್ತಿ ಹಿಡಿದುಕೊಂಡು ಬಂದೆ. ಅವನು ಗೋಡೆಯನ್ನೇ ನೋಡುತ್ತಿದ್ದ. ಮೂರನೆಯ ಸುತ್ತಿನಲ್ಲಿ ಹಾರ್ನ್ ಹೊಡೆದೆ. ಒಳಗಿಂದ ಬೇರೆ ಇಬ್ಬರು ಮುದುಕಿಯರು ನೋಡಿದರು, ಕ್ಲಾರಿ ನೋಡಲಿಲ್ಲ. ಬಾಗಿಲು ತೆರೆದು ಡೆನಿಸ್ ಹೊರಗೆ ಬಂದಳು. ಕನ್ನಡಕ ತಲೆಯ ಮೇಲೆ, ಫೋನು ಕೈಯಲ್ಲಿ. ದಾರಿಯ ನಡುವೆ ನಿಂತು ಅಂಗೈ ಅಡ್ಡ ಹಿಡಿದಳು. ನಿಲ್ಲಿಸಿದೆ.

“ಮರ್ಲ್ ಡಾರ್ಲಿಂಗ್, ದಾರಿ ತಪ್ಪಿತಾ? ಪಾರ್ಕಿಂಗ್ ಅಲ್ಲೇ ಇದೆ ನೋಡಿ, ಎಡಗಡೆ.”

“ಗೊತ್ತಮ್ಮ. ಎರಡು ವರ್ಷದಿಂದ ಅಲ್ಲೇ ನಿಲ್ಲಿಸ್ತಿದ್ದೀನಿ.”

“ಮತ್ತೆ ಯಾಕೆ ಸುತ್ತು ಹಾಕ್ತಿದ್ದೀರಿ?”

ಏನೆಂದು ಹೇಳಲಿ? “ಕ್ಲಾರಿಗೆ ಬೆರಳೆತ್ತಬೇಕು. ಮೊದಲ ಸಲ ಎತ್ತೋದು ತಪ್ಪಿಹೋಯ್ತು,” ಎಂದೆ. ಬಾಯಿಂದ ಹೊರಬಿದ್ದ ಮಾತು ನನ್ನ ಕಿವಿಗೇ ಹುಚ್ಚಿಯ ಮಾತಿನಂತೆ ಕೇಳಿಸಿತು.

ಡೆನಿಸ್‌ಳ ಮುಖ ಮೆತ್ತಗಾಯಿತು. ಅದು ನನಗೆ ಹೆದರಿಕೆ ಹುಟ್ಟಿಸಿತು. “ಆಯ್ತು ಡಾರ್ಲಿಂಗ್. ಇಂಜಿನ್ ಆಫ್ ಮಾಡಿ. ಕೀ ನನ್ನ ಕೈಗೆ ಕೊಡಿ, ನಾನು ನಿಲ್ಲಿಸ್ತೀನಿ. ನೀವು ಒಳಗೆ ಬಂದು ಟೀ ಕುಡೀರಿ. ರೋಸ್ಲಿನ್‌ಗೆ ಒಂದು ಮಾತು ಹೇಳೋಣ್ವಾ?”

ಲೆಸ್‌ನ ಹೆಂಡತಿ ಬಾಗಿಲ ಬಳಿ ತಲೆ ಬಾಚಿಸಿಕೊಂಡು ಕೂತಿದ್ದು ಅಲ್ಲಿಂದಲೇ ಕಾಣುತ್ತಿತ್ತು. ಮಿಸೆಸ್ ಫಾಮ್ ಹೇಳಿದ್ದ ಮಾತು ಈಗ ತಲೆಗೆ ಹೋಯಿತು. ಬೇರೆ ಯಾರಾದರೂ ದೂರು ಕೊಟ್ಟರೆ ಮತ್ತೆ ಕರೆಸ್ತಾರೆ. ಕ್ಷಮಿಸಮ್ಮ, ಯೋಚನೆಯಲ್ಲಿದ್ದೆ ಎಂದು ನಕ್ಕು ಎಡಗಡೆ ನಿಲ್ಲಿಸಿದರೆ ಡೆನಿಸ್ ಮರೆತುಬಿಟ್ಟಾಳು. ಮುಂದಿನ ಗುರುವಾರ ಉಳಿಯುತ್ತದೆ. ಆದರೆ ಈ ಗುರುವಾರ ನಾನು ಒಳಗೆ ಹೋಗುವುದು ಸಿಸ್ಟರ್ ಆಗಿ. ಮುಂದಿನ ವಾರದವರೆಗೆ ಆ ಬೆರಳು ಏನೆಂದುಕೊಂಡು ಕಾಯುತ್ತದೆ? ತಾನು ಎತ್ತಿದರೂ ಎದುರಿನವಳು ಎತ್ತಲಿಲ್ಲ, ಅವಳು ಯಾರೋ ಬೇರೆಯವಳು ಎಂದು ಅವನ ತಲೆಯಲ್ಲಿ ಕೂತುಬಿಟ್ಟರೆ? ಮುಂದಿನ ವಾರ ಅವನೇ ಎತ್ತದಿದ್ದರೆ?

ಉಗುರಿನಿಂದ ಕೆಂಪು ಟೇಪಿನ ತುದಿ ಹುಡುಕಿ ಎರಡೂ ಕಡೆ ಕಿತ್ತು ಕೆಳಗೆ ಹಾಕಿದೆ.

“ಡೆನಿಸ್, ಒಂಚೂರು ಪಕ್ಕಕ್ಕೆ ಹೋಗಮ್ಮ. ಇನ್ನೊಂದೇ ಸುತ್ತು.”

“ಮರ್ಲ್, ಪ್ಲೀಸ್. ಬೇಡ.”

ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಅವಳನ್ನು ಬಳಸಿಕೊಂಡು ಹೊರಟೆ. ಅವಳು ಫೋನು ಕಿವಿಗಿಟ್ಟುಕೊಂಡಿದ್ದನ್ನು ನೋಡಿದೆ. ನೋಡಿಯೇ ಹೋದೆ. ನಡೆಯುವವರಿಗಿಂತ ನಿಧಾನವಾಗಿ ಬಂದು ಕಿಟಕಿಯ ಎದುರಿಗೆ ಇಂಜಿನನ್ನು ಎರಡು ಸಲ ಗುರ್ ಅನ್ನಿಸಿದೆ, ಹೊಲದಿಂದ ಬರುವ ಅವನ ಲಾರಿಗೆ ದಾರಿ ಬಿಡುವಾಗ ನಾನು ಮಾಡುತ್ತಿದ್ದ ಹಾಗೆ. ಕ್ಲಾರಿ ತಲೆ ತಿರುಗಿಸಿದ. ಬೆರಳೆತ್ತಿದೆ. ಅವನು ನೋಡುತ್ತಲೇ ಇದ್ದ. ಇಳಿಸಲಿಲ್ಲ ನಾನು. ಮಣಿಕಟ್ಟು ನೋಯುತ್ತಿದ್ದರೂ ಇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ವಾಕರ್‌ನ ಮೇಲಿದ್ದ ಅವನ ತೋರುಬೆರಳು ಎದ್ದಿತು.

ಎಡಗಡೆ, ಎರಡು ಗೆರೆಗಳ ನಟ್ಟನಡುವೆ ಗಾಡಿ ನಿಲ್ಲಿಸಿದೆ. ಡಬ್ಬಿ ಹಿಡಿದು ಒಳಗೆ ಹೋದೆ. ಮೊಗಸಾಲೆಯಲ್ಲಿ ಡೆನಿಸ್ ಬೆನ್ನು ತಿರುಗಿಸಿ ಮಾತಾಡುತ್ತಿದ್ದಳು. “ನಾಲ್ಕು ಸುತ್ತು... ಹೂಂ, ನಾಲ್ಕು. ನಾನು ಅಡ್ಡ ನಿಂತ್ರೂ ಕೇಳ್ಲಿಲ್ಲ... ಇಲ್ಲ ರೋಸ್ಲಿನ್, ಕಚೇರಿಗೆ ಹೇಳ್ಲೇಬೇಕಾಗುತ್ತೆ, ನನ್ನ ಕೆಲಸ ಅದು...”

ಕ್ಲಾರಿಯ ಕೋಣೆಯ ಬಾಗಿಲು ತೆರೆದಿತ್ತು.

“ಬಂದ್ಯಾ ಮರ್ಲ್?” ಎಂದ. “ರಸ್ತೆ ಹೇಗಿತ್ತು?”

“ಚೆನ್ನಾಗಿತ್ತು. ಖಾಲಿ ಇತ್ತು.”

ಪಕ್ಕದಲ್ಲಿ ಕೂತು ಡಬ್ಬಿ ತೆರೆದು ಅವನ ಕೈಗೆ ಒಂದು ತುಂಡು ಕೊಟ್ಟೆ. ನಿಧಾನವಾಗಿ ಅಗಿದ. ಬೆಣ್ಣೆ ಗಲ್ಲಕ್ಕೆ ಹತ್ತಿತು, ಒರೆಸಿದೆ.

“ಇಂಜಿನ್ ಯಾಕೋ ಕರಕರ ಅಂತಿದೆ ಕಣೇ,” ಎಂದ. “ಇಲ್ಲಿಂದ್ಲೇ ಕೇಳ್ಸುತ್ತೆ. ಮುಂದಿನ ಗುರುವಾರ ಬರೋದ್ರೊಳಗೆ ಆಯಿಲ್ ಬದಲಾಯ್ಸು.”

ಕೈಚೀಲದಲ್ಲಿ ಫೋನು ಬಡಿದುಕೊಳ್ಳಲು ಶುರುವಾಯಿತು. ರೋಸ್ಲಿನ್. ನಿಂತಿತು, ಮತ್ತೆ ಶುರುವಾಯಿತು.

“ಆಗ್ಲಿ,” ಎಂದೆ. “ಬದಲಾಯಿಸ್ತೀನಿ.”